ಬಂದಾನು, ನಕ್ಕಾನು

2016ರ ಆಗಸ್ಟ್. ಊಟದ ಬೆಲ್ಲಾದ ಮೇಲಿನ ಮೊದಲ ಪೀರಿಯಡ್ಡು, ಎಂಟನೇ ತರಗತಿ. ಸಂಭಾವನಾರ್ಥಕ ಕ್ರಿಯಾಪದ ಹೇಳಿಕೊಡುತ್ತಿದ್ದೆ. ಸಂಭಾವನೆ ಅಂದರೆ ಹುಡುಗರಿಗೆ ಗೊತ್ತಿರುವುದು ಒಂದೇ ಅರ್ಥ, ದುಡ್ಡು. ಹಾಗಾಗಿ ಪ್ರತಿ ವರ್ಷ ಆ ಗೊಂದಲ ಬಿಡಿಸಿಯೇ ಮುಂದಕ್ಕೆ ಹೋಗಬೇಕು. 'ಬರುತ್ತಾನೆ' ಅಂದರೆ ಬರುವುದು ನಿಶ್ಚಯ. 'ಬಾರನು' ಅಂದರೆ ಬಾರದಿರುವುದು ನಿಶ್ಚಯ. 'ಬಂದಾನು' ಅಂದರೆ ಎರಡೂ ಅಲ್ಲ, ಹೇಳುವವನ ಮನಸ್ಸಿನಲ್ಲಿ ಊಹೆಯಿದೆ, ಅನುಮಾನವಿದೆ. ಮೂರನ್ನೂ ಬೋರ್ಡಿನ ಮೇಲೆ ಬರೆದು ತಿರುಗಿದೆ. ಮೂರನೇ ಬೆಂಚಿನ ಹುಡುಗನೊಬ್ಬ ನನ್ನನ್ನು ನೋಡಿ ಗೇಲಿಯಾಗಿ ನಗುತ್ತಿದ್ದ. ಹೋಗಿ ಕೆನ್ನೆಗೆ ಬಿಟ್ಟೆ.

ಮಕ್ಕಳಿಗೆ ಹೊಡೆಯುವುದು ಕಾನೂನಿನಲ್ಲಿ ನಿಂತುಹೋಗಿ ಆಗಲೇ ಎಷ್ಟೋ ವರ್ಷವಾಗಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನು ನಮ್ಮ ಸ್ಟಾಫ್ ರೂಮಿನ ಗೋಡೆಗೇ ಅಂಟಿಸಿತ್ತು. ನಾನು ಹೊಡೆಯುವ ಮೇಷ್ಟರೂ ಅಲ್ಲ. ಇಪ್ಪತ್ಮೂರು ವರ್ಷದ ಸರ್ವಿಸ್ಸಿನಲ್ಲಿ ನನ್ನ ಕೈಯಲ್ಲಿ ಬೆತ್ತ ಕಂಡವರಿಲ್ಲ. ಮಾತಿನಲ್ಲಿ ಚುಚ್ಚುತ್ತಿದ್ದೆ, ಅದು ಬೇರೆ ಲೆಕ್ಕ ಎಂದುಕೊಂಡಿದ್ದೆ.

ಮಾರನೆಯ ದಿನ ಹುಡುಗನ ಅಪ್ಪ ಬಂದ. ಆಟೋ ಓಡಿಸುವ ಮನುಷ್ಯ, ಖಾಕಿ ಅಂಗಿಯಲ್ಲೇ ಬಂದಿದ್ದ. ಕೂಗಾಡಲಿಲ್ಲ.

"ಯಾಕೆ ಹೊಡೆದ್ರಿ ಸಾ?"

"ನನ್ನ ನೋಡಿ ನಕ್ಕ."

"ಯಾಕೆ ನಕ್ಕ?"

"ಯಾಕೆ ಅಂದ್ರೆ? ಗೇಲಿ ಮಾಡಕ್ಕೆ."

"ಅದು ನಿಮಗೆ ಹೆಂಗೆ ಗೊತ್ತು ಸಾ?"

ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು ಅವನ ದನಿ. ಅದೇ ಪ್ರಶ್ನೆಯನ್ನು ಮುಂದಿನ ಎರಡು ವರ್ಷ ದುಡ್ಡು ಕೊಟ್ಟು, ರೈಲು ಹತ್ತಿ ಹೋಗಿ ಕೇಳಿಸಿಕೊಂಡು ಬಂದೆ.

ಹುಡುಗನ ಹತ್ತಿರ, ಅವನಪ್ಪನ ಎದುರಿಗೇ, ತಪ್ಪಾಯಿತು ಅಂದೆ. "ಪರ್ವಾಗಿಲ್ಲ ಸಾ" ಅಂದ, ಪೆನ್ನು ಬಿದ್ದಾಗ ಹೇಳುವ ಹಾಗೆ. ಹೆಡ್‌ಮಾಸ್ಟರು ಬಾಗಿಲು ಹಾಕಿಕೊಂಡು, "ಮೇಷ್ಟ್ರೇ, ಬೇಜಾರ್ ಮಾಡ್ಕೋಬೇಡಿ, ತಿಳಿದೋರನ್ನ ಯಾರನ್ನಾದ್ರೂ ಒಂದ್ಸಲ ಕಾಣಿ" ಅಂದರು. ಬೇಜಾರೇ ಮಾಡಿಕೊಂಡೆ. ನಮ್ಮ ಕಡೆ ಈಗಲೂ ನಿಮ್ಹಾನ್ಸಿಗೆ ಹೋದ ಅನ್ನುವುದನ್ನು ದನಿ ತಗ್ಗಿಸಿಯೇ ಹೇಳುತ್ತಾರೆ. ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆ 1974ರಲ್ಲಿ ನಿಮ್ಹಾನ್ಸ್‌ನಲ್ಲಿ ಸೇರಿಹೋಯಿತು, ಹೆಸರು ಬದಲಾಯಿತು, ನಮ್ಮ ಬಾಯಿ ಬದಲಾಗಲಿಲ್ಲ. ಮನೆಯಲ್ಲಿ ಹೆಂಡತಿ ಏನೂ ಅನ್ನಲಿಲ್ಲ. ಮೂರು ದಿನ ಬಿಟ್ಟು, ದೇವರ ಮನೆಯ ಕ್ಯಾಲೆಂಡರಿನ ಹಿಂದೆ ಒಂದು ಫೋನ್ ನಂಬರು ಬರೆದಿಟ್ಟದ್ದು ಕಣ್ಣಿಗೆ ಬಿತ್ತು. ಅಲ್ಲಿ ಬರೆದರೆ ನಾನು ನೋಡುತ್ತೇನೆ ಅಂತ ಅವಳಿಗೆ ಗೊತ್ತಿತ್ತು.

ಶನಿವಾರ ಬೆಳಗಿನ ಶಾಲೆ ಮುಗಿಸಿ ತುಮಕೂರಿನಿಂದ ರೈಲು. ಕ್ಯಾತ್ಸಂದ್ರ, ಡಾಬಸ್‌ಪೇಟೆ, ಯಶವಂತಪುರ, ಆಮೇಲೆ ಮಲ್ಲೇಶ್ವರ. ಸ್ಟೇಷನ್ನಿನಿಂದ ನಡೆದರೆ ಹತ್ತು ನಿಮಿಷ. ಕೆಳಗೆ ಗ್ರಂಥಿಗೆ ಅಂಗಡಿ, ಮೇಲೆ ಆ ನಂಬರಿನ, ಮನಸ್ಸಿನ ಚಿಕಿತ್ಸೆ ಮಾಡುವ ಮೇಡಂ ಅವರ ಕೋಣೆ. ಮೆಟ್ಟಿಲ ಉದ್ದಕ್ಕೂ ಕರ್ಪೂರದ ವಾಸನೆ. ವಯಸ್ಸಿನಲ್ಲಿ ನನ್ನ ಹಳೇ ವಿದ್ಯಾರ್ಥಿನಿಯಂತಿದ್ದರು. ಮಂಚ ಇರುತ್ತದೆ, ಮಲಗಿಸಿ ಕನಸು ಕೇಳುತ್ತಾರೆ ಎಂದುಕೊಂಡು ಹೋಗಿದ್ದೆ. ಎರಡು ಬೆತ್ತದ ಕುರ್ಚಿ, ಒಂದು ಗೋಡೆ ಗಡಿಯಾರ, ನೀರಿನ ಜಗ್ಗು, ಅಷ್ಟೇ ಇದ್ದದ್ದು.

ಮನಸ್ಸಿನ ವಿಷಯ ನನಗೆ ಹೊಸದಲ್ಲ ಎಂಬ ಜಂಬ ನನ್ನದು. ಎಂ. ಶಿವರಾಂ ಅವರ 'ಮನ ಮಂಥನ'ವನ್ನು ಕಾಲೇಜಿನಲ್ಲೇ ಓದಿದ್ದೆ. 'ಕೊರವಂಜಿ' ತೆಗೆದು ನಾಡನ್ನೆಲ್ಲ ನಗಿಸಿದ 'ರಾಶಿ' ಎಂಬ ಡಾಕ್ಟರು ಅವರೇ; ಮನೋವೈದ್ಯದ ಈ ಪುಸ್ತಕಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು. ಮೊದಲ ದಿನವೇ ಇದನ್ನೆಲ್ಲ ಮೇಡಂಗೆ ಒಪ್ಪಿಸಿದೆ. ಕೇಳಿಸಿಕೊಂಡು, "ಸರಿ ಸರ್, ಆವತ್ತು ಕ್ಲಾಸಲ್ಲಿ ಏನಾಯ್ತು ಹೇಳಿ" ಅಂದರು.

ಹೇಳಿದೆ: "ಹುಡುಗ ನನ್ನ ನೋಡಿ ಗೇಲಿಯಾಗಿ ನಗ್ತಿದ್ದ."

"ಸ್ವಲ್ಪ ಹಿಂದಕ್ಕೆ ಹೋಗೋಣ. ಅವನ ಮುಖ ಕಾಣೋದಕ್ಕೆ ಮುಂಚೆ, ಬೋರ್ಡ್ ಕಡೆ ತಿರುಗಿ ಬರೀತಾ ಇದ್ರಲ್ಲ, ಆಗ ನಿಮಗೆ ಏನನ್ನಿಸ್ತಿತ್ತು?"

"ಏನೂ ಇಲ್ಲ. ಬರೀತಿದ್ದೆ."

"ಊಟ ಮಾಡಿದ್ರಾ ಆವತ್ತು?"

ಮಾಡಿರಲಿಲ್ಲ. ಅದು ಹೇಗೆ ಮರೆತಿತ್ತೋ. ಡಬ್ಬಿ ಬಿಚ್ಚಲು ಸ್ಟಾಫ್ ರೂಮಿಗೆ ಹೋದಾಗ ಅಲ್ಲಿ ಏನೋ ಮಾತು ನಡೆದಿತ್ತು, ನಾನು ಕಾಲಿಟ್ಟ ಕೂಡಲೇ ನಿಂತಿತು. ಮುಂದಿನ ವರ್ಷದಿಂದ ಇಂಗ್ಲಿಷ್ ಮೀಡಿಯಂ ಸೆಕ್ಷನ್ನು ತೆರೆಯುವ ಸುದ್ದಿ ಆಗ ಹಬ್ಬಿತ್ತು. ನನ್ನ ಪೀರಿಯಡ್ಡುಗಳಿಗೆ ಕತ್ತರಿ ಬೀಳುತ್ತದೆ, ಅದನ್ನೇ ಆಡಿಕೊಳ್ಳುತ್ತಿದ್ದಾರೆ ಎಂದು ನನಗೆ ಖಾತ್ರಿಯಾಗಿತ್ತು. ಡಬ್ಬಿ ಬಿಚ್ಚದೆ ಹಾಗೇ ಕ್ಲಾಸಿಗೆ ಹೋಗಿದ್ದೆ. ಬೋರ್ಡಿನ ಮೇಲೆ ಅನುಮಾನದ ಕ್ರಿಯಾಪದ ಬರೆಯುತ್ತಿದ್ದ ಮನುಷ್ಯನ ತಲೆಯೊಳಗೆ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಇಡೀ ಶಾಲೆ ನಗುತ್ತಿತ್ತು. ಆ ನಗು ಹೋಗಿ ಮೂರನೇ ಬೆಂಚಿನಲ್ಲಿ ಕೂತಿತ್ತು.

ಮೇಡಂ ಮಾಡುತ್ತಿದ್ದದ್ದು ಇಷ್ಟೇ. ನಾನು 'ಆಗಿದೆ' ಅಂದಲ್ಲಿ ತಡೆದು, 'ಅನ್ನಿಸಿತು' ಎಂಬ ಮಾತಿಗೆ ಕರೆತರುವುದು. 'ಅವನು ಗೇಲಿ ಮಾಡಿದ' ಅಲ್ಲ, 'ಗೇಲಿ ಮಾಡಿದ ಅಂತ ನನಗೆ ಅನ್ನಿಸಿತು.' ಮೊದಮೊದಲು ಸಿಟ್ಟು ಬರುತ್ತಿತ್ತು. ಕನ್ನಡ ಮೇಷ್ಟರಿಗೆ ವಾಕ್ಯ ತಿದ್ದಲು ಇವರು ಯಾರು? ನಾಲ್ಕೈದು ವಾರ ಕಳೆದ ಮೇಲೆ ರೈಲಿನಲ್ಲಿ ಕೂತು ಯೋಚಿಸಿದೆ. 'ಅನ್ನಿಸು' ಎಷ್ಟು ನಾಜೂಕಿನ ಧಾತು. ಅನ್ನುವವನು ನಾನೇ, ಅನ್ನಿಸುವುದು ಮಾತ್ರ ಇನ್ನೇನೋ. ನಮ್ಮ ಭಾಷೆಯಲ್ಲಿ ಕೋಪ ಬರೀ ನಾವು ಮಾಡಿಕೊಳ್ಳುವ ಕೆಲಸವಲ್ಲ. ಕೋಪ ನಮಗೆ ಬರುತ್ತದೆ, ನೆಂಟರ ಹಾಗೆ. ಬಂದವರು ಯಾರು, ಎಲ್ಲಿಂದ ಬಂದರು ಎಂದು ಬಾಗಿಲಲ್ಲಿ ನಿಂತು ಕೇಳುವಷ್ಟು ವ್ಯವಧಾನವನ್ನು ವ್ಯಾಕರಣ ಇಟ್ಟುಕೊಂಡಿದೆ. ನನಗಿರಲಿಲ್ಲ.

ಈ ಪದ್ಧತಿಗೆ ಒಂದು ಹೆಸರಿದೆ, ಮೆಂಟಲೈಸೇಶನ್. 'ಮೆಂಟಲ್' ನಮ್ಮ ಹುಡುಗರ ಬಾಯಲ್ಲಿ ಬೈಗುಳವಾದ್ದರಿಂದ ಆ ಪದ ಕೇಳಿದಾಗ ನಗು ಬಂತು. ಲಂಡನ್ನಿನ ಆಂಟನಿ ಬೇಟ್‌ಮನ್ ಮತ್ತು ಪೀಟರ್ ಫೊನಗಿ ಇದನ್ನು ಚಿಕಿತ್ಸೆಯಾಗಿ ಕಟ್ಟಿದವರು. ಸಂಬಂಧಗಳಲ್ಲಿ ಕ್ಷಣದಲ್ಲಿ ಕುದಿದು ಕ್ಷಣದಲ್ಲಿ ಒಡೆದು ಹೋಗುವ, ತಮ್ಮನ್ನೇ ಗಾಯ ಮಾಡಿಕೊಳ್ಳುವ ಬಾರ್ಡರ್‌ಲೈನ್ ವ್ಯಕ್ತಿತ್ವದ ಮೂವತ್ತೆಂಟು ಜನರ ಮೇಲೆ ನಡೆಸಿದ ಅವರ ಅಧ್ಯಯನ 1999ರಲ್ಲಿ ಬಂತು. ಸಾಮಾನ್ಯ ಚಿಕಿತ್ಸೆಗಿಂತ ಇದರಲ್ಲಿ ಚೇತರಿಕೆ ಹೆಚ್ಚು ಕಂಡಿತ್ತು. ನನ್ನದು ಆ ಕಾಯಿಲೆಯಲ್ಲ, ಮೇಡಂ ಅದನ್ನು ಬಿಡಿಸಿ ಹೇಳಿದ್ದರು. ಆದರೆ ತನ್ನ ಮನಸ್ಸಿನಲ್ಲಿ ಏನು ನಡೆದಿದೆ, ಎದುರಿಗಿರುವವರ ಮನಸ್ಸಿನಲ್ಲಿ ಏನು ನಡೆದಿದ್ದೀತು ಎಂದು ಊಹಿಸುವ ಶಕ್ತಿ ಎಲ್ಲರಲ್ಲೂ ಉದ್ವೇಗ ಏರಿದಂತೆಲ್ಲ ಇಳಿಯುತ್ತದಂತೆ. ಒಂದು ಹಂತ ದಾಟಿದರೆ ಮನಸ್ಸಿಗೆ ತೋರಿದ್ದೇ ಹೊರಗಿನ ಲೋಕ ಆಗಿಬಿಡುತ್ತದೆ. ನಡುವೆ ಗೋಡೆಯೂ ಇಲ್ಲ, ಕಿಟಕಿಯೂ ಇಲ್ಲ.

ಈ ಶಕ್ತಿ ಹುಟ್ಟಿನಿಂದಲೇ ಬಂದದ್ದಲ್ಲ ಎಂಬುದಕ್ಕೆ ಮೇಡಂ ಒಂದು ಪ್ರಯೋಗ ಹೇಳಿದರು. ಹೈಂಟ್ಸ್ ವಿಮ್ಮರ್, ಯೋಸೆಫ್ ಪೆರ್ನರ್ ಎಂಬಿಬ್ಬರು 1983ರಲ್ಲಿ ಪ್ರಕಟಿಸಿದ್ದು. ಮ್ಯಾಕ್ಸಿ ಎಂಬ ಹುಡುಗ ಚಾಕೊಲೇಟನ್ನು ಒಂದು ಬೀರುವಿನಲ್ಲಿಟ್ಟು ಆಡಲು ಹೋಗುತ್ತಾನೆ. ಅವನಿಲ್ಲದಾಗ ಅಮ್ಮ ಅದನ್ನು ಇನ್ನೊಂದಕ್ಕೆ ಬದಲಾಯಿಸುತ್ತಾಳೆ. ವಾಪಸು ಬಂದ ಮ್ಯಾಕ್ಸಿ ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ಚಾಕೊಲೇಟು ಈಗ ನಿಜವಾಗಿ ಎಲ್ಲಿದೆಯೋ ಆ ಬೀರುವನ್ನೇ ತೋರಿಸುತ್ತವೆ. ತನಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲ ಎಂಬುದು ತಿಳಿಯುವುದು ನಾಲ್ಕು ದಾಟಿದ ಮೇಲೆ. ನಾನು ಸುಮ್ಮನಿರಲಾರದೆ ನಾದಿನಿಯ ಮೊಮ್ಮಗನ ಮೇಲೆ ಕೊಬ್ಬರಿ ಮಿಠಾಯಿ ಇಟ್ಟು ನೋಡಿದೆ. ಡಬ್ಬಿಯಲ್ಲಿದ್ದ ಮಿಠಾಯಿಯನ್ನು ಅವನ ಎದುರಿಗೇ ಫ್ರಿಜ್ಜಿಗೆ ಬದಲಾಯಿಸಿ, "ಅಜ್ಜಿ ಬಂದ್ರೆ ಎಲ್ಲಿ ಹುಡುಕ್ತಾಳೆ?" ಅಂದೆ. ಮೂರೂವರೆ ವರ್ಷದ ಘನವಿದ್ವಾಂಸ "ಫ್ರಿಜ್ಜಲ್ಲಿ!" ಅಂದ. ವರ್ಷ ಕಳೆದು ಮತ್ತೆ ಕೇಳಿದಾಗ, "ಡಬ್ಬೀಲಿ. ಪಾಪ, ಅಜ್ಜಿಗೆ ಗೊತ್ತೇ ಇಲ್ಲ" ಅಂದ. ಆ 'ಪಾಪ' ಅವನಿಗೆ ಎಲ್ಲಿಂದ ಬಂತೋ. ಐವತ್ತು ದಾಟಿದ ನಾನು ಆಗ ಫ್ರಿಜ್ಜಿನ ಹತ್ತಿರವೇ ನಿಂತಿದ್ದೆ.

ಅಂದಹಾಗೆ ಮಗು ಬಿದ್ದು ಅತ್ತರೆ ನಾವು ನೆಲಕ್ಕೆ ಹೊಡೆಯುವವರು. "ನನ್ ಕಂದನ್ನ ಬೀಳಿಸ್ತಾ ಇದು? ತಗೋ!" ನನ್ನ ಅಜ್ಜಿ ನೆಲಕ್ಕೆ ಹೊಡೆದ ಏಟುಗಳನ್ನು ಲೆಕ್ಕ ಹಾಕಿದರೆ ಮನೆಯ ಗಾರೆ ಎದ್ದುಹೋಗಬೇಕಿತ್ತು. ಇದರಲ್ಲಿ ಅರ್ಧ ಒಳ್ಳೆಯದು. ಅಳುವ ಮಗುವಿನ ನೋವನ್ನು ಅಜ್ಜಿ ತನ್ನ ಮುಖದ ಮೇಲೆ ತಂದುಕೊಂಡು, ಸ್ವಲ್ಪ ಹೆಚ್ಚೇ ಮಾಡಿ, "ಅಯ್ಯಯ್ಯೋ ನೋವಾಯ್ತಾ!" ಅನ್ನುತ್ತಾಳಲ್ಲ, ಆ ಕನ್ನಡಿಯಲ್ಲೇ ಮಗು ತನ್ನೊಳಗೆ ಆಗುತ್ತಿರುವುದಕ್ಕೆ ನೋವು ಎಂಬ ಹೆಸರಿದೆ ಎಂದು ಕಲಿಯುವುದು. ಫೊನಗಿಯವರ ಬಳಗ ಪುಟಗಟ್ಟಲೆ ಬರೆದ ವಿಷಯ ಇದು. ಅಜ್ಜಿ ಮುಖ ಹೆಚ್ಚು ಮಾಡಿ ತೋರಿಸಬೇಕಂತೆ. ಇಲ್ಲದಿದ್ದರೆ ಅದು ಅಜ್ಜಿಯದೇ ಅಳು ಎಂದು ಮಗು ಹೆದರೀತು. ಉಳಿದರ್ಧ, ಆ ನೆಲಕ್ಕೆ ಬೀಳುವ ಏಟು. ಅದನ್ನು ನಾನು ಚೆನ್ನಾಗಿ ಕಲಿತುಕೊಂಡಿದ್ದೆ.

ಎಂಟನೆಯದೋ ಒಂಬತ್ತನೆಯದೋ ಶನಿವಾರ. ನಾನು ತಿಪಟೂರಿನ ನಮ್ಮ ಮನೆಯ ವಿಷಯ ಹೇಳುತ್ತಿದ್ದೆ. ಅಲ್ಲಿಯವರೆಗೆ ಯಾರಿಗೂ ಹೇಳಿರದ ಮಾತು, ಬಾಯಿಗೆ ಬರಲೇ ಕಷ್ಟಪಡುತ್ತಿತ್ತು. ಮೇಡಂ ಕಣ್ಣು ಗೋಡೆ ಗಡಿಯಾರದ ಕಡೆ ಹೋಯಿತು. ಒಂದು ಸಲ. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ. ನಾನು ಎದ್ದು, ನೋಟುಗಳನ್ನು ಜಗ್ಗಿನ ಪಕ್ಕ ಇಟ್ಟು, "ನಿಮಗೆ ಬೇಜಾರಾಗಿದೆ, ಬೇರೆಯವರನ್ನ ನೋಡಿ" ಎಂದು ಮೆಟ್ಟಿಲಿಳಿದೆ. ಮಲ್ಲೇಶ್ವರ ಸ್ಟೇಷನ್ನಿನಲ್ಲಿ ರೈಲಿಗೆ ಒಂದು ಗಂಟೆ ಕಾಯುತ್ತಾ ಅವರ ವಂಶವನ್ನೆಲ್ಲ ಮನಸ್ಸಿನಲ್ಲೇ ಜಾಲಾಡಿದೆ. ಎಂಟುನೂರು ರೂಪಾಯಿ ಸಂಭಾವನೆ ತೆಗೆದುಕೊಂಡು ಗಡಿಯಾರ ನೋಡುತ್ತಾಳೆ!

ಮುಂದಿನ ಶನಿವಾರ ಹೋಗಬಾರದೆಂದುಕೊಂಡವನು ಯಾಕೆ ಹೋದೆನೋ. ಜಗಳವನ್ನು ಮುಗಿಸಲು ಇರಬೇಕು. ಕೂತ ಕೂಡಲೇ ಅವರೇ ಶುರುಮಾಡಿದರು. "ಹೋದ ವಾರ ನಾನು ಗಡಿಯಾರ ನೋಡಿದೆ ಸರ್. ಎರಡು ಸಲ. ನೀವು ನೋಡಿದ್ದು ಸರಿ."

ನನಗೆ ಹೊಳೆಯದೆ ಹೋದ ಮಾತು ಅದು. ಇಲ್ಲವೆನ್ನುತ್ತಾರೆ, ಸಮಜಾಯಿಷಿ ಕೊಡುತ್ತಾರೆ ಎಂದುಕೊಂಡು ಹೋಗಿದ್ದೆ.

"ಆಗ ನಿಮಗೇನನ್ನಿಸ್ತು?"

"ನನ್ನ ಮಾತು ಕೇಳಿ ನಿಮಗೆ ಬೇಜಾರಾಯ್ತು."

"ನನಗೇನಾಯ್ತು ಅಂತಲ್ಲ."

ತುಂಬಾ ಹೊತ್ತು ಸುಮ್ಮನಿದ್ದೆ. ಗಂಟಲಲ್ಲಿ ಬಂದದ್ದು ಸಿಟ್ಟಲ್ಲ. "ನಾಚಿಕೆ ಆಯ್ತು" ಅಂದೆ. "ಇಷ್ಟು ವಯಸ್ಸಾಗಿ ಅಪ್ಪನ ಕತೆ ಹೇಳ್ತಾ ಕೂತಿದೀನಲ್ಲ ಅಂತ."

ಅವರು ತಲೆಯಾಡಿಸಿದರು. ಆಮೇಲೆ ಹೇಳಿದರು: ಆವತ್ತು ಮಗಳಿಗೆ ಜ್ವರ, ತಾಯಿಯ ಹತ್ತಿರ ಬಿಟ್ಟು ಬಂದಿದ್ದರು, ನಾಲ್ಕು ಗಂಟೆಗೆ ಫೋನ್ ಬರುವುದಿತ್ತು. "ನನ್ನ ಗಮನ ಸ್ವಲ್ಪ ಹೊತ್ತು ನಿಮ್ಮ ಮೇಲಿರಲಿಲ್ಲ, ಅದು ನನ್ನ ತಪ್ಪು. ಆದರೆ ಬೇಜಾರಾಗಿರಲಿಲ್ಲ."

ನಾನು ಕಂಡದ್ದು ನಿಜ. ಕಂಡದ್ದಕ್ಕೆ ಕೊಟ್ಟ ಅರ್ಥ ನನ್ನದು. ಈ ಎರಡನ್ನೂ ಯಾರೂ ನನಗೆ ಹೀಗೆ ಬಿಡಿಸಿ ಕೈಗಿಟ್ಟಿರಲಿಲ್ಲ. ಅರ್ಥ ತಪ್ಪಾದರೆ ಕಂಡದ್ದನ್ನೂ ಸುಳ್ಳು ಅನ್ನುವುದು ಲೋಕರೂಢಿ. 'ನಿನಗೆ ಭ್ರಮೆ' ಅಂದುಬಿಡುತ್ತಾರೆ. ಹಾಗಾದಾಗ ಮನುಷ್ಯ ತನ್ನ ಅರ್ಥವನ್ನೇ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾನೆ. ನಾನಂತೂ ಹಿಡಿಯುತ್ತಿದ್ದೆ.

ಅದೇ ಹುರುಪಿನಲ್ಲಿ ಮನೆಗೆ ಬಂದು ಹೆಂಡತಿಯ ಮೇಲೂ ಪ್ರಯೋಗ ಮಾಡಿದೆ. ಕಾಫಿ ಲೋಟವನ್ನು ಅವಳು ಇಡುತ್ತಿರಲಿಲ್ಲ, ಕುಕ್ಕುತ್ತಿದ್ದಳು. ಆರೇಳು ವರ್ಷದಿಂದ ಬೆಳಗಿನ ಆ ಸದ್ದಿನಲ್ಲೇ ದಿನದ ಹವಾಮಾನ ಲೆಕ್ಕ ಹಾಕಿ, ಉತ್ತರವಾಗಿ ನಾನೂ ಪೇಪರನ್ನು ಪಟಪಟ ಮಗುಚುತ್ತಿದ್ದೆ. "ಲೋಟ ಕುಕ್ತೀಯಲ್ಲ, ಆಗ ನಿನಗೆ ಏನನ್ನಿಸ್ತಿರುತ್ತೆ?" ಎಂದು ಕೇಳಿದೆ. ಅವಳು ಕಣ್ಣರಳಿಸಿ ನೋಡಿದಳು.

"ಬೆರಳು ಜೋಮು ಹಿಡಿಯುತ್ತೆ ರೀ. ಬೆಳಗ್ಗೆ ಹೊತ್ತು ಲೋಟ ಎಲ್ಲಿ ಕೈ ಜಾರುತ್ತೋ ಅಂತ ಬೇಗ ಇಟ್ಬಿಡ್ತೀನಿ."

ಆರೇಳು ವರ್ಷ! ಡಾಕ್ಟರಿಗೆ ತೋರಿಸಬೇಕಿತ್ತಲ್ಲ ಎಂದು ನನ್ನ ಎದೆ ಹಿಂಡಿದಂತಾಯಿತು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಕೆಲವು ದಿನ ಸಿಟ್ಟೂ ಇರ್ತಿತ್ತು ಅನ್ನಿ" ಎಂದು ಒಳಗೆ ಹೋದಳು. ಯಾವ ದಿನ ಬೆರಳು, ಯಾವ ದಿನ ಸಿಟ್ಟು ಅಂತ ಈಗಲೂ ನನಗೆ ತಿಳಿಯುವುದಿಲ್ಲ. ಕೇಳಬೇಕು. ಕೇಳಿದರೂ ಎಲ್ಲ ಸಲ ಹೇಳುವುದಿಲ್ಲ.

ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತ. ಕೊಬ್ಬರಿ ದರ ಬಿದ್ದ ದಿನ ಸಾಹುಕಾರರು ಅವನ ಮೇಲೆ ಹರಿಹಾಯುತ್ತಿದ್ದರು, ಅಪ್ಪ ನಮ್ಮ ಮೇಲೆ. ಜಗಲಿಯಲ್ಲಿ ಚಪ್ಪಲಿ ಬಿಡುವ ಸದ್ದಿನಲ್ಲೇ ದರ ಎಷ್ಟೆಂದು ನಮಗೆ ತಿಳಿಯುತ್ತಿತ್ತು. ಎರಡೂ ಚಪ್ಪಲಿ ಒಟ್ಟಿಗೆ ಬಿದ್ದರೆ ಪರವಾಗಿಲ್ಲ. ಒಂದು ಬಿದ್ದು, ತಡೆದು, ಇನ್ನೊಂದು ಬಿದ್ದರೆ ಅಮ್ಮ ಒಲೆ ಕಡೆ ತಿರುಗಿಬಿಡುತ್ತಿದ್ದಳು, ನಾವು ಪುಸ್ತಕ ಹಿಡಿಯುತ್ತಿದ್ದೆವು. ಜನರ ಮುಖ ಓದುವುದರಲ್ಲಿ ನಾನು ಜಾಣ ಎಂದು ಹೆಸರು ಪಡೆದದ್ದು ಆ ಜಗಲಿಯಿಂದ. ಆದರೆ ಆ ಓದಿನಲ್ಲಿ ಇದ್ದದ್ದು ಒಂದೇ ಪ್ರಶ್ನೆ, ಏಟು ಬೀಳುತ್ತದೆಯೋ ಇಲ್ಲವೋ. ಅಪ್ಪನಿಗೆ ಹಸಿವಾಗಿತ್ತೋ, ಅವಮಾನವಾಗಿತ್ತೋ, ಕಾಲು ನೋಯುತ್ತಿತ್ತೋ ನಮಗೆ ಬೇಕಿರಲಿಲ್ಲ. ಬೇಕು ಅನ್ನಿಸುವಷ್ಟು ಪುರುಸೊತ್ತು ಎಲ್ಲಿತ್ತು?

ಇದನ್ನು ಮೇಡಂಗೆ ಹೇಳುತ್ತಿರುವಾಗಲೇ ಒಂದು ನೆನಪು ಬಂತು. ಅಪ್ಪ ಬೈಯಲು ಶುರುಮಾಡಿದರೆ ನನಗೆ ನಗು ಬರುತ್ತಿತ್ತು. ಹೆದರಿಕೆಗೆ ತುಟಿ ತಾನಾಗಿ ಅಗಲವಾಗುತ್ತಿತ್ತು, ಎಷ್ಟು ಬಿಗಿಹಿಡಿದರೂ ಆಗುತ್ತಿರಲಿಲ್ಲ. "ಹಲ್ಲು ಕಿರೀತೀಯಾ?" ಎಂದು ಏಟು ಎರಡಾಗುತ್ತಿತ್ತು. ಕುರ್ಚಿಯಿಂದ ಅರ್ಧ ಎದ್ದೇಬಿಟ್ಟೆ. "ಮೇಡಂ! ಆ ಹುಡುಗನೂ ಹಾಗೇ ನಕ್ಕಿದ್ದು. ಹೆದರಿಕೆಗೆ! ನನ್ನ ಮುಖ ನೋಡಿ ಹೆದರಿಕೊಂಡ." ಕಣ್ಣಲ್ಲಿ ನೀರು ಬಂತು. ಎರಡು ವರ್ಷದ ಗಂಟು ಬಿಚ್ಚಿತು ಎಂದುಕೊಂಡೆ. ಮೇಡಂ ಶಹಬ್ಬಾಸ್ ಅನ್ನುತ್ತಾರೆ ಎಂದು ಕಾದೆ.

ಅವರು ಮೆಲ್ಲಗೆ ಅಂದರು: "ಹೆದರಿಕೆಗೆ ನಕ್ಕಿದ್ದು ನೀವು ಸರ್. ಅವನು ಯಾಕೆ ನಕ್ಕ ಅಂತ ನಮಗೆ ಇವತ್ತೂ ಗೊತ್ತಿಲ್ಲ."

ಬಹಳ ಕಹಿಯಾಯಿತು. ಕೆನ್ನೆಗೆ ಬಿಟ್ಟಾಗ ಅವನ ಮನಸ್ಸು ನನಗೆ ಗೊತ್ತಿತ್ತು. ಈಗ ಕಣ್ಣೀರು ಹಾಕುವಾಗಲೂ ಗೊತ್ತಿತ್ತು. ಆಗ ಅದರಲ್ಲಿ ಗೇಲಿ ತುಂಬಿದ್ದೆ, ಈಗ ನನ್ನ ಬಾಲ್ಯವನ್ನು ತುಂಬುತ್ತಿದ್ದೆ. ಎರಡು ಸಲವೂ ಅವನನ್ನು ಒಂದು ಮಾತು ಕೇಳಿರಲಿಲ್ಲ. ಮರುಕದಲ್ಲೂ ಇಷ್ಟು ದಬ್ಬಾಳಿಕೆ ಇದ್ದೀತೆಂದು ನನಗೆ ಹೊಳೆದಿರಲಿಲ್ಲ. ಆವತ್ತು ವಾಪಸಿನ ರೈಲಿನಲ್ಲಿ ಕೂರಲು ಜಾಗ ಸಿಗಲಿಲ್ಲ, ಬಾಗಿಲ ಹತ್ತಿರವೇ ನಿಂತು ಬಂದೆ.

ಹುಡುಗ ಹತ್ತನೇ ತರಗತಿಗೆ ಬಂದಿದ್ದ, ಕೇಳಬಹುದಿತ್ತು. ಒಂದು ದಿನ ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿಯೂಬಿಟ್ಟೆ. "ನೆನಪಿಲ್ಲ ಸಾ" ಅಂದ. ನೆನಪಿರಲಿಲ್ಲವೋ, ನೆನಪಿದ್ದು ಮೇಷ್ಟರ ಜೊತೆ ಮತ್ತೆ ಆ ಮಾತು ಬೇಡ ಅನ್ನಿಸಿತೋ, ಅವನ ಕಣ್ಣು ನನ್ನ ಹೆಗಲಾಚೆಯ ಗ್ರೌಂಡಿನ ಮೇಲಿತ್ತು. "ಸರಿ, ಹೋಗಪ್ಪ" ಅಂದೆ. ಓಡಿದ.

ಮಲ್ಲೇಶ್ವರದ ಶನಿವಾರಗಳು 2018ರ ಬೇಸಿಗೆಗೆ ಮುಗಿದವು. ಕೊನೆಯ ದಿನ ತೀ.ನಂ.ಶ್ರೀ ಅವರ 'ಕನ್ನಡ ಮಧ್ಯಮ ವ್ಯಾಕರಣ'ದ ಒಂದು ಪ್ರತಿ ಮೇಡಂಗೆ ಕೊಟ್ಟೆ. ಅವರು ಅದನ್ನು ತೆರೆದು ನೋಡಿದರೋ ಇಲ್ಲವೋ. ನೋಡಿಯಾರು.

ಆ ವರ್ಷವೂ ಆಗಸ್ಟ್ ಬಂತು, ಎಂಟನೇ ತರಗತಿಗೆ ಸಂಭಾವನಾರ್ಥಕ ಬಂತು. ಬರುತ್ತಾನೆ, ಬಾರನು, ಬಂದಾನು. ಬರೆದು ತಿರುಗುವ ಮೊದಲು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟೆ; ಊಟ ಮಾಡಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ. ಮಾಡಿದ್ದೆ. ತಿರುಗಿದೆ. ಹಿಂದಿನ ಬೆಂಚಿನಲ್ಲಿ ಒಬ್ಬಳು ಎದ್ದು ನಿಂತಿದ್ದಳು.

"ಸಾ, ಬಂದಾನು ಅಂದ್ರೆ, ಕೊನೆಗೆ ಬಂದ್ನಾ ಇಲ್ವಾ ಸಾ?"

ಇಡೀ ಕ್ಲಾಸು ಹೋ ಎಂದು ನಕ್ಕಿತು. ಹಳೆಯ ಚಾಳಿ, ಕಣ್ಣು ಬೆಂಚು ಬೆಂಚಿಗೂ ಹೋಯಿತು. ಅವಳನ್ನು ನೋಡಿ ನಗುತ್ತಿದ್ದವರಿದ್ದರು, ಪಕ್ಕದವರು ನಕ್ಕರೆಂದು ನಗುತ್ತಿದ್ದವರಿದ್ದರು, ನನ್ನನ್ನು ನೋಡಿ ನಗುತ್ತಿದ್ದವರೂ ಇದ್ದಾರು. ಕಿವಿ ಬಿಸಿಯಾಯಿತು. ಪ್ರಶ್ನೆ ಕೇಳಿದವಳು ಮಾತ್ರ ನಗದೆ, ಪೆನ್ಸಿಲನ್ನು ಬಾಯಿಗಿಟ್ಟುಕೊಂಡು, ಉತ್ತರಕ್ಕೆ ಕಾಯುತ್ತಾ ನಿಂತೇ ಇದ್ದಳು.

"ಗೊತ್ತಿಲ್ಲಮ್ಮ" ಅಂದೆ. "ಅವನನ್ನೇ ಕೇಳಬೇಕು."